ತೂಬಿನ ಎಣ್ಣೆ

ಎಣ್ಣೆ ಅಂದರೆ ನೀರಿನ ಮೇಲೆ ತೇಲಬೇಕು. ಇದು ತೇಲಲಿಲ್ಲ.

ಕರಿಯಣ್ಣ ತೂಬಿನ ಅಡ್ಡಗಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಡಬ್ಬ ಬಗ್ಗಿಸಿದ್ದ. ಬಿದ್ದ ಕೂಡಲೇ ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಆ ಬಿಳುಪು ಕಲ್ಲುಕಂಬದ ಬುಡದಿಂದ ಹೊರಟು ಮಡುವಿನೊಳಕ್ಕೆ ಹರಡಿಕೊಳ್ಳುತ್ತ ಹೋಯಿತು. ಮೂಗಿಗೆ ಹತ್ತಿ ಹೊಲದ ವಾಸನೆ ಬಂತು. ಇದು ತಿನ್ನುವ ಎಣ್ಣೆಯಲ್ಲ, ದೀಪದ ಎಣ್ಣೆಯಲ್ಲ, ಬಂಡಿಗೆ ಬಿಡುವ ಎಣ್ಣೆಯೂ ಅಲ್ಲ ಅಂತ ಅವನಿಗೆ ಆಗಲೇ ಗೊತ್ತಾಯಿತು. ಆದರೂ ಎರಡನೇ ಡಬ್ಬದ ಮುಚ್ಚಳ ತೆಗೆದ. ಗೌಡರು ಎರಡೂ ಡಬ್ಬ ಅಂದಿದ್ದರು. ಎರಡನೆಯದನ್ನೂ ಸುರಿದ.

ಯಾಕೆ ಸುರಿದೆ ಅಂತ ಆಮೇಲೆ ಎಷ್ಟೋ ಜನ ಕೇಳಿದರು. ಕೇಳುವವರಿಗೇನು, ಬಾಯಿದೆ, ಕೇಳುತ್ತಾರೆ. ಹುಟ್ಟಿದಾಗಿನಿಂದ ಒಬ್ಬರ ಮಾತಿಗೆ ಬಗ್ಗಿದ ಕೈ, ತಲೆ ಬೇಡ ಅಂದರೂ ಬಗ್ಗಿಬಿಡುತ್ತದೆ. ಆ ಕೈಯನ್ನು ಹಾಗೆ ಪಳಗಿಸಿದವರನ್ನು ಯಾರೂ ಏನೂ ಕೇಳಲಿಲ್ಲ.

ಹೊಸದುರ್ಗ ತಾಲ್ಲೂಕಿನಲ್ಲಿ, ಶ್ರೀರಾಂಪುರದಿಂದ ಎರಡು ಹರದಾರಿ ಒಳಗಿರುವ ಊರು ಅದು. ಊರ ಕೆರೆಗೆ ಕರಿಯಣ್ಣ ನೀರುಗಂಟಿ. ತೂಬಿನ ಬಿರಡೆ ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಇಳಿಸಿ ನಿಲ್ಲಿಸುವುದು ಅವನ ಕೆಲಸ. ಊರಿನ ತಮಟೆಯೂ ಅವನದೇ. ಕಂದಾಯ ಕಟ್ಟಿ, ಕುರಿಗೆ ಸೂಜಿ ಹಾಕಿಸಿ, ಯಾರದೋ ಎತ್ತು ತಪ್ಪಿಸಿಕೊಂಡಿದೆ, ಏನೇ ಡಂಗುರ ಇರಲಿ ಅವನೇ ಹೊಡೆಯಬೇಕು. ಏನೇ ಸಾರಲಿ, ಕೊನೆಗೆ ಒಂದು ಮಾತು ಸೇರಿಸಲೇಬೇಕು: ‘ಜಂಪಣ್ಣಗೌಡರ ಅಪ್ಪಣೆ ಆಗೈತೆ, ಕೇಳ್ರಪ್ಪೋ.’ ಅಪ್ಪನ ಕಾಲದಲ್ಲಿ ಜಂಪಣ್ಣಗೌಡರ ಅಪ್ಪನ ಹೆಸರಿತ್ತು, ಅಷ್ಟೇ ಬದಲು. ಕೆರೆಯ ನೀರೆಲ್ಲ ಅವನ ಕೈಯಲ್ಲಿ ಹರಿಯುತ್ತಿತ್ತು. ಆದರೆ ಊರ ಸೇದುಬಾವಿಯ ಹಗ್ಗ ಮುಟ್ಟುವ ಹಾಗಿರಲಿಲ್ಲ. ಮೇಲಿನ ಕೇರಿಯಲ್ಲಿ ಅವನು ಕರಿಯ. ಮಾದಿಗರ ಹಟ್ಟಿಗೆ ಬಂದ ಮೇಲೆ ಕರಿಯಣ್ಣ.

ತೂಬಿಗೆ ಎಣ್ಣೆ ಯಾಕೆ ಬೇಕಾಯಿತು ಅನ್ನುವುದನ್ನು ಹೇಳಬೇಕು. ಅವನೇ ಹೇಳಿದ ಒಂದು ಸುಳ್ಳಿನಿಂದ ಬೇಕಾಯಿತು.

ಬೇಸಿಗೆಗೆ ಕೆರೆಯೆಲ್ಲ ಒಣಗಿ, ತೂಬಿನ ಮುಂದೆ ಒಂದು ಮಡು ಮಾತ್ರ ಉಳಿದಿತ್ತು. ಕೆರೆಯ ಮೀನೆಲ್ಲ ಅಲ್ಲಿಗೇ ಬಂದು ಸೇರಿತ್ತು. ಯುಗಾದಿ ಕಳೆದು ಬಿದ್ದ ಒಂದು ಮಳೆಗೆ ಕೊರವದ ಮೀನೊಂದು ತೂಬಿನ ಬಾಯಲ್ಲೇ ಮರಿ ಮಾಡಿತ್ತು. ಕೊರವದ ಮರಿಗಳು ಹುಟ್ಟಿದಾಗ ಕೆಂಪಗಿರುತ್ತವೆ. ನೂರಾರು ಮರಿ ಒಂದೇ ಗುಂಪಾಗಿ ಮೇಲೆ ಆಡುತ್ತಿದ್ದರೆ ತಾಯಿ ಕೆಳಗಿದ್ದು ಕಾಯುತ್ತದೆ. ಅದನ್ನು ಕರಿಯಣ್ಣನ ಮನೆತನದವರು ಬಾಣಂತಿ ಅನ್ನುತ್ತಿದ್ದರು. ತೂಬಿನ ಬಾಯಲ್ಲಿ ಬಾಣಂತಿ ಇದ್ದರೆ ಬಿರಡೆ ಎತ್ತಬಾರದು ಅಂತ ಅಪ್ಪ ಹೇಳಿಕೊಟ್ಟಿದ್ದ. ಎತ್ತಿದರೆ ಮರಿಗಳೆಲ್ಲ ಕಾಲುವೆಗೆ ಬಿದ್ದು ಗದ್ದೆಯಲ್ಲಿ ಸಾಯುತ್ತವೆ. ಮರುವರ್ಷ ಕೆರೆಯಲ್ಲಿ ಮೀನಿರುವುದಿಲ್ಲ. ಹಟ್ಟಿಯವರು ಕೆರೆಗೆ ಬಲೆ ಹಾಕುವ ಹಾಗಿಲ್ಲ. ತೂಬಿನಿಂದ ಆಚೆ ಬಂದ ಮೀನಷ್ಟೇ ಅವರದು. ಅದನ್ನೂ ಬಿಟ್ಟು ಹದಿನೈದು ದಿನ ಕಾಯಬೇಕು.

ಇದನ್ನು ಗೌಡರ ಮುಂದೆ ಹೇಳಲಾದೀತೆ? ಮೀನಿನ ಬಾಣಂತನಕ್ಕೆ ನನ್ನ ಗದ್ದೆ ಒಣಗಬೇಕೇನಲೇ ಅಂತ ಕಾಲಿನ ಕೆರ ಕೈಗೆ ತಗೊಳ್ಳುತ್ತಾರೆ. ಅದಕ್ಕೇ ಅಪ್ಪ ಇನ್ನೊಂದು ಮಾತನ್ನೂ ಹೇಳಿಕೊಟ್ಟಿದ್ದ. ತೂಬು ಬಿಗಿದೈತೆ ಅನ್ನು. ಗೌಡರೇನು ಕೆಸರಿಗಿಳಿದು ನೋಡುವವರಲ್ಲ. ಎರಡು ತಲೆಮಾರು ನಡೆದ ಸುಳ್ಳು ಅದು. ಈ ಸಲ ಜಂಪಣ್ಣಗೌಡರು ಬೈಯಲಿಲ್ಲ. ನಕ್ಕರು.

‘ಎಣ್ಣೆ ಕಳಿಸ್ತೀನಿ, ಹುಯ್ಯಲೇ ಕರಿಯ. ಸಡ್ಲಾಗ್ತೈತೆ’ ಅಂದರು.

ಆ ನಗು ಕಂಡಾಗಲೇ ಅವನಿಗೆ ಭಯವಾಗಿತ್ತು. ಹೂಂ ಬುದ್ಧಿ ಅಂದು ಬಂದಿದ್ದ.

ಈಗ ಅಡ್ಡಗಲ್ಲಿನ ಮೇಲೆ ಕೂತು ನೋಡುತ್ತಿದ್ದ. ಮೊದಲು ಸೀಗಡಿಗಳು ಎದ್ದವು. ಕಾದ ಹೆಂಚಿನ ಮೇಲೆ ಬಿದ್ದ ಹಾಗೆ ದಡಕ್ಕೆ ಹಾರಿ ಹಾರಿ ಬಿದ್ದವು. ಏಡಿಗಳು ಬಿಲ ಬಿಟ್ಟು ಒಣನೆಲಕ್ಕೆ ಹತ್ತಿ, ಎತ್ತ ಹೋಗಬೇಕೋ ತಿಳಿಯದೆ ಅಲ್ಲಲ್ಲೇ ಸುತ್ತಿದವು. ಗೆಂಡೆ ಮೀನುಗಳು ಮೇಲೆ ಬಂದು ಬಾಯಿ ಕಿಸಿದು ಗಾಳಿ ಎಳೆದವು, ಗಿರ್ರನೆ ತಿರುಗಿದವು, ಹೊಟ್ಟೆ ಮೇಲಾದವು. ಅಷ್ಟರವರೆಗೂ ಅವನು ಒಂದು ಆಸೆ ಇಟ್ಟುಕೊಂಡಿದ್ದ. ಕೊರವ ಉಳಿಯುತ್ತದೆ. ಕೊರವ ಸುಮ್ಮನೆ ಸಾಯುವ ಮೀನಲ್ಲ. ಕೆರೆ ಬತ್ತಿದರೆ ಕೆಸರಲ್ಲಿ ಹೂತುಕೊಂಡು ಮಳೆಗೆ ಕಾಯುತ್ತದೆ. ಪುಟ್ಟಿಯಲ್ಲಿ ಹಾಕಿ ಸಂತೆಗೆ ಹೊತ್ತರೆ ಸಂತೆ ಮುಗಿಯುವ ತನಕ ಒದ್ದಾಡುತ್ತದೆ.

ಬಾಣಂತಿ ಮೇಲೆ ಬಂತು. ಅದರ ತಲೆಯ ಮೇಲೆ ಕೆಂಪು ಮರಿಗಳು ಗುಂಪು ಒಡೆದು, ಚೆಲ್ಲಿದ ರಾಗಿಯ ಹಾಗೆ ಬಿಳೀ ನೀರಿನ ತುಂಬ ಹರಡಿಹೋಗಿದ್ದವು. ಒಂದೂ ಅಲ್ಲಾಡಲಿಲ್ಲ. ತಾಯಿ ಮೈ ಸೆಟೆದು ಸೆಟೆದು ನಡುಗಿತು. ಆಮೇಲೆ ಕಲ್ಲಿನ ಸಂದಿಗೆ ಹೋಗಿ ಒರಗಿಕೊಂಡಿತು.

‘ತಪ್ಪಾತು ತಾಯಿ’ ಅಂದ ಕರಿಯಣ್ಣ. ಮುಂಗೈ ಮೇಲೆ ಎಣ್ಣೆ ಸಿಡಿದಿತ್ತು. ದಡಕ್ಕೆ ಓಡಿ ಒಣಮಣ್ಣು ಹಾಕಿ ತಿಕ್ಕಿದ. ಚರ್ಮ ಕಿತ್ತುಬರುವ ಹಾಗೆ ತಿಕ್ಕಿದ. ಆಗಲೇ ಡಬ್ಬದ ಮೈ ಕಣ್ಣಿಗೆ ಬಿದ್ದದ್ದು. ಅಂಟಿಸಿದ್ದ ಕಾಗದವನ್ನು ಚಾಕುವಿನಿಂದ ಕೆರೆದಿದ್ದರು. ಒಂದು ಮೂಲೆಯಲ್ಲಿ ಎರಡು ಮೂಳೆಯ ತುದಿ ಉಳಿದಿತ್ತು. ಕರಿಯಣ್ಣನಿಗೆ ಓದು ಬಾರದು. ಆದರೆ ತಲೆಬುರುಡೆ ಓದುವುದಕ್ಕೆ ಯಾವ ಶಾಲೆಯೂ ಬೇಡ. ಅದಕ್ಕೇ ಕೆರೆದಿದ್ದರು. ವರಲಕ್ಷ್ಮಿ ಅನ್ನುವ ಹೊಸ ತಳಿಯ ಹತ್ತಿ ಊರಿಗೆ ಬಂದ ಮೇಲೆ ಹುಳಕ್ಕೆ ಹೊಡೆಯಲು ಇದೇ ಡಬ್ಬಗಳು ಗೌಡರ ಅಟ್ಟ ಸೇರಿದ್ದವು. ಅದನ್ನೂ ಊರು ಎಣ್ಣೆ ಅಂತಲೇ ಕರೆಯುತ್ತಿತ್ತು. ಎಂಥಾ ಹೆಸರು ನೋಡಿ.

ಅವನು ಮೇಲೇಳುವಷ್ಟರಲ್ಲಿ ಏರಿಯ ಆಚೆಯಿಂದ ಲಾರಿಯ ಸದ್ದು ಕೇಳಿಸಿತು. ಆರೇಳು ಆಳುಗಳು ಮಂಕರಿ ಹಿಡಿದು ಇಳಿದುಬಂದರು. ಕರೆಯಲು ಯಾರೂ ಹೋಗಿರಲಿಲ್ಲ. ಮೀನು ತೇಲುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಕೆರೆಯ ಮೀನಿನ ಹರಾಜು ಹಿಡಿದಿದ್ದವನು ಗೌಡರ ಅಳಿಯ. ಅವನ ಗಡುವು ವಾರದಲ್ಲಿ ಮುಗಿಯುತ್ತಿತ್ತು. ಮುಂದಿನವನಿಗೆ ಒಂದು ಮೀನೂ ಉಳಿಯಬಾರದಿತ್ತು. ಇಷ್ಟೇ ವಿಷಯ. ಇಷ್ಟಕ್ಕೆ ಒಂದು ಕೆರೆ ಕೊಂದರು.

ಆಳುಗಳು ದೊಡ್ಡ ಮೀನು ಬಾಚಿ ಬಾಚಿ ಲಾರಿಗೆ ಹಾಕಿದರು. ಬೆರಳುದ್ದದವನ್ನು ದಡಕ್ಕೆ ಎಸೆದರು. ಜಂಪಣ್ಣಗೌಡರು ಕೊಡೆ ಹಿಡಿದು ಏರಿಯ ಮೇಲೆ ನಿಂತಿದ್ದರು. ಪ್ರತಿ ವರ್ಷ ಮೊದಲ ಕೊರವ ಅವರ ಮನೆಗೆ ಹೋಗುತ್ತಿತ್ತು. ಈ ಸಲ ಆಳೊಬ್ಬ ದೊಡ್ಡದೊಂದು ಎತ್ತಿ ತೋರಿಸಿದರೆ, ನಮ್ಮ ಮನೆಗೆ ಬೇಡ ಅಂತ ಕೈ ಆಡಿಸಿದರು. ಕರಿಯಣ್ಣ ಅದನ್ನು ನೋಡಿದ.

ಗೌಡರು ಅವನನ್ನು ಹತ್ತಿರ ಕರೆದರು. ಹತ್ತಿರ ಅಂದರೆ ಹತ್ತು ಮಾರು. ಡಬ್ಬಗಳನ್ನು ಹೂತುಬಿಡು ಅಂದರು. ಹಟ್ಟಿಯಲ್ಲಿ ಡಂಗುರ ಹೊಡಿ, ಸಣ್ಣ ಮೀನು ಹಟ್ಟಿಯವರಿಗೆ ಬಿಟ್ಟಿದೀನಿ, ಬಂದು ಬಳಕೊಂಡು ಹೋಗಲಿ, ದಡ ಚೊಕ್ಕಟ ಆಗಲಿ ಅಂದರು.

ಕರಿಯಣ್ಣ ನಿಂತೇ ಇದ್ದ. ಜೀವಮಾನದಲ್ಲಿ ಗೌಡರಿಗೆ ಅವನು ಪ್ರಶ್ನೆ ಕೇಳಿದ್ದು ಅದೇ ಮೊದಲು.

‘ಬುದ್ಧಿ, ತಿಂದ್ರೆ ಏನಾನ ಆಗ್ತೈತಾ?’

‘ಸತ್ತ ದನ ತಿಂದು ಅರಗಿಸ್ಕಂಡೋರು ನೀವು’ ಅಂದರು ಗೌಡರು. ‘ನಿಮಗೇನಾಗ್ತೈತೆ?’ ಆಮೇಲೆ ದನಿ ಇಳಿಸಿದರು. ‘ಹುಯ್ದ ಕೈ ಯಾರ್ದಲೇ? ನಿಂದು. ಬಾಯಿ ಬಿಟ್ರೆ ಊರ ಕೆರೆಗೆ ವಿಷ ಹಾಕಿದ ಮಾದಿಗ ಅಂತ ಎಳ್ಕಂಡೋಗ್ತಾರೆ. ಈಗ ಕಾಲ ಹೆಂಗೈತೆ ಗೊತ್ತಲ್ಲ? ಒಳಗೆ ಹಾಕಿದ್ರೆ ಯಾಕೆ ಅಂತ ಕೇಳೋನಿಲ್ಲ.’

ಎಮರ್ಜೆನ್ಸಿ ಬಂದು ವರ್ಷ ತುಂಬುತ್ತಿತ್ತು. ಹೊಸದುರ್ಗದ ಕಡೆಯಿಂದ ಜೀಪು ಬಂದರೆ ಹಟ್ಟಿಯ ಗಂಡಸರು ಬೇಲಿ ಹಾರುತ್ತಿದ್ದ ದಿನಗಳು. ಹೂಂ ಬುದ್ಧಿ ಅಂದ ಕರಿಯಣ್ಣ.

ಹೋದ. ಹಟ್ಟಿಯ ಬೇವಿನ ಮರದ ಕೆಳಗೆ ನಿಂತು ತಮಟೆ ಹೊಡೆದ. ಮೀನು ಬಿಟ್ಟವ್ರೆ, ಬರ್ರಿ, ತಗಳ್ರಿ, ಜಂಪಣ್ಣಗೌಡರ ಅಪ್ಪಣೆ ಆಗೈತೆ ಅಂತ ಸಾರಿದ. ದನಿ ಒಡೆದುಹೋಯಿತು. ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಅಂತ ಯಾರೋ ಕೂಗಿದರು. ಇನ್ನೊಂದು ಸಲ ಹೇಳಿದ. ಅಯ್ಯೋ ಪಾಪಿ, ಎರಡು ಸಲ ಹೇಳಿದ.

ಹಟ್ಟಿಗೆ ಹಟ್ಟಿಯೇ ಎದ್ದು ಓಡಿತು. ಕೆರೆಯ ಮೀನು ಕೇಳದೆ ಸಿಕ್ಕಿದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಸೆರಗಿನಲ್ಲಿ, ಮೊರದಲ್ಲಿ, ಹರಕು ಚೀಲದಲ್ಲಿ ಬಾಚಿಕೊಂಡರು. ಮುದುಕ ಚಿಕ್ಕತಿಮ್ಮಪ್ಪನಿಗೆ ಮನೆ ತನಕ ಹೋಗುವಷ್ಟು ತಾಳ್ಮೆ ಇರಲಿಲ್ಲ. ಅಲ್ಲೇ ದಡದಲ್ಲಿ ಮೂರು ಕಲ್ಲಿಟ್ಟು, ಒಣ ಜಾಲಿ ಮುರಿದು ಹಾಕಿ, ಗೆಂಡೆ ಸುಟ್ಟುಕೊಳ್ಳಲು ಕೂತ. ಬಾರೋ ಕರಿಯಣ್ಣ, ನಿನ್ನ ತಮಟೆ ಇವತ್ತು ಒಂದು ಒಳ್ಳೇ ಮಾತು ಆಡಿತು ನೋಡು ಅಂತ ಹಲ್ಲಿಲ್ಲದ ಬಾಯಿಂದ ನಕ್ಕ. ಕರಿಯಣ್ಣ ಮೀನಿನ ಕಣ್ಣು ಸರಿ ಇಲ್ಲ, ತಿನ್ನಬೇಡ ಅಂದ. ನನ್ನ ಕಣ್ಣೂ ಸರಿ ಇಲ್ಲ ಕಣಪ್ಪ ಅಂದ ಮುದುಕ. ಅದಕ್ಕಿಂತ ಹೆಚ್ಚು ಹೇಳಲು ಕರಿಯಣ್ಣನಿಗೆ ಧೈರ್ಯ ಸಾಲಲಿಲ್ಲ. ಏರಿಯ ಮೇಲೆ ಕೊಡೆ ಇನ್ನೂ ಕಾಣುತ್ತಿತ್ತು.

ಡಬ್ಬಗಳನ್ನು ಹೂಳಲು ಕೋಡಿಯ ಕಡೆ ಹೋದ. ಬೇಸಿಗೆಯ ನೆಲ, ಗುದ್ದಲಿ ಚಿಮ್ಮುತ್ತಿತ್ತು. ಮೊಣಕಾಲಷ್ಟು ಅಗೆಯುವ ಹೊತ್ತಿಗೆ ಕಣ್ಣು ಕತ್ತಲಿಟ್ಟಿತು. ಎರಡು ಸಲ ವಾಂತಿಯಾಯಿತು. ಎಣ್ಣೆ ಮೈಗೆ ಹತ್ತಿತೋ ಭಯವೇ ಹತ್ತಿತೋ ತಿಳಿಯಲಿಲ್ಲ. ನಾನು ಸತ್ತರೆ ಸತ್ತೆ ಅಂದುಕೊಂಡ. ಗುಂಡಿಯಲ್ಲಿ ಮಲಗಿದ್ದ ಡಬ್ಬ ನೋಡಿದ. ಹಟ್ಟಿಯಲ್ಲಿ ಎಷ್ಟು ಮನೆ ಅಂತ ಎಣಿಸಿದ. ಎಣಿಕೆ ತಪ್ಪಿತು. ಮತ್ತೆ ಎಣಿಸಲಿಲ್ಲ. ಗುಂಡಿ ಮುಚ್ಚದೆ ಮನೆಯ ಕಡೆ ಓಡಿದ.

ಗುಡಿಸಲಿನ ಬಾಗಿಲಲ್ಲೇ ಸಾರಿನ ವಾಸನೆ ಬಂತು. ಹುಣಸೆಹುಳಿ, ಬೆಳ್ಳುಳ್ಳಿ, ಸುಟ್ಟ ಕೊಬ್ಬರಿ. ಹೆಂಡತಿ ರಂಗಕ್ಕ ಒಲೆಯ ಮುಂದೆ ಕೂತಿದ್ದಳು. ಅವಳ ಮುಖದಲ್ಲಿ ಅಷ್ಟು ಸಂತೋಷ ಕಂಡು ಎಷ್ಟೋ ದಿನವಾಗಿತ್ತು. ದೊಡ್ಡ ಮೀನೆಲ್ಲ ಲಾರಿಯವರು ಒಯ್ದರು, ಆದರೆ ತೂಬಿನ ಕಲ್ಲಿನ ಸಂದಿಯಲ್ಲಿ ಒಂದು ಕೊರವ ಸಿಕ್ಕಿಕೊಂಡಿತ್ತು, ಯಾರಿಗೂ ಕಂಡಿರಲಿಲ್ಲ, ಕೈ ಹಾಕಿ ಎಳೆದುಕೊಂಡೆ ಅಂದಳು. ಮಗಳು ಕಮಲಮ್ಮ ಹೆತ್ತು ಹನ್ನೆರಡು ದಿನ. ಎದೆಯಲ್ಲಿ ಹಾಲು ಸಾಲದೆ ಕೂಸು ಅಳುತ್ತಿತ್ತು. ಬಾಣಂತಿಗೆ ಕೊರವದ ಸಾರು ಕೊಟ್ಟರೆ ಹಾಲಿಳಿಯುತ್ತದೆ ಅಂತ ಯಾವ ಹಟ್ಟಿಯ ಹೆಂಗಸಿಗೆ ಗೊತ್ತಿಲ್ಲ?

ಮೂಲೆಯಲ್ಲಿ ಕಮಲಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕೈಯಲ್ಲಿ ಬಟ್ಟಲಿತ್ತು. ಊದಿ ಊದಿ ಆರಿಸುತ್ತಿದ್ದಳು. ಬಟ್ಟಲು ತುಟಿಗೆ ಹೋಯಿತು.

ಕರಿಯಣ್ಣ ಅದನ್ನು ಒದ್ದ. ಮಗಳ ಕೈಗೂ ಏಟು ಬಿತ್ತು. ಸಾರು ಗೋಡೆಗೆ ಸಿಡಿಯಿತು. ಒಲೆಯ ಮೇಲಿನ ಗಡಿಗೆಯನ್ನೂ ಬರಿಗಾಲಲ್ಲಿ ಒದ್ದು ಉರುಳಿಸಿದ. ಕೂಸು ಚೀರಿತು. ನುಂಗಿದೆಯಾ, ಒಂದು ಹನಿಯಾದರೂ ನುಂಗಿದೆಯಾ ಅಂತ ಮಗಳ ಗಲ್ಲ ಹಿಡಿದು ಅಲ್ಲಾಡಿಸಿದ. ಅವಳು ಇಲ್ಲ ಇಲ್ಲ ಅಂತ ಅಳುತ್ತ ತಲೆಯಾಡಿಸಿದಳು. ರಂಗಕ್ಕ ಸೌಟು ಎತ್ತಿಕೊಂಡು ನಿಂತಿದ್ದಳು. ಗಂಡನಿಗೆ ಹುಚ್ಚು ಹಿಡಿದಿದೆ ಅಂತಲೇ ಅವಳು ತಿಳಿದಳು.

‘ಎಣ್ಣೆ ಕಣೇ’ ಅಂದ ಕರಿಯಣ್ಣ. ‘ಹತ್ತಿಗೆ ಹೊಡಿಯೋ ಎಣ್ಣೆ. ಗೌಡ ಕೊಟ್ಟ, ನಾನು ಹುಯ್ದೆ.’

ರಂಗಕ್ಕ ನೆಲಕ್ಕೆ ಕುಸಿದಳು. ಆಮೇಲೆ ಅವಳು ಎದ್ದು ಬಾಗಿಲು ಹಾಕಿದಳು. ಅವಳನ್ನು ಬೈಯಬೇಡಿ. ಅವಳಿಗೂ ಜೀಪು ಗೊತ್ತಿತ್ತು. ಗೌಡರ ಕೊಟ್ಟಿಗೆಯ ಕಂಬಕ್ಕೆ ಕಟ್ಟಿಸಿಕೊಂಡವರ ಬೆನ್ನೂ ಗೊತ್ತಿತ್ತು.

‘ನಮ್ಮನೇದು ಚೆಲ್ಲಿದ್ದಾತಲ್ಲ’ ಅಂದಳು ಪಿಸುಗುಟ್ಟಿ. ‘ಸುಮ್ಕಿರು. ಯಾರಿಗೂ ಹೇಳ್ಬ್ಯಾಡ. ಕೈ ಮುಗೀತೀನಿ.’

ಕರಿಯಣ್ಣನೂ ಸುಮ್ಮನಿರಬೇಕು ಅಂತಲೇ ಕೂತ. ನಿಜ ಹೇಳಬೇಕು, ಕೂತ. ಬಾಗಿಲ ಸಂದಿಯಿಂದ ಹಟ್ಟಿಯ ಗುಡಿಸಲುಗಳು ಕಾಣುತ್ತಿದ್ದವು. ಮಧ್ಯಾಹ್ನಕ್ಕೆ ಒಲೆ ಹೊತ್ತಿಸುವ ಹಟ್ಟಿಯಲ್ಲ ಅದು. ರಾತ್ರಿ ಮಾಡಿದ ಮುದ್ದೆಯಲ್ಲೇ ಹಗಲು ಕಳೆಯಬೇಕು. ಇವತ್ತು ಒಂದೊಂದು ಮನೆಯ ಮೇಲೂ ಹೊಗೆ ಏಳುತ್ತಿತ್ತು. ಎದುರಿಗಿರುವ ಈರಕ್ಕನ ಮನೆ, ಅದರ ಪಕ್ಕದ್ದು, ಅದರಾಚೆಯದು. ಅವನ ಡಂಗುರ ಕೇಳಿ ಹೊತ್ತಿಸಿದ ಒಲೆಗಳು.

ಗೋಡೆಯ ಗೂಟದಿಂದ ತಮಟೆ ತೆಗೆದ. ಚರ್ಮ ಸಡಿಲಾಗಿತ್ತು. ಸಾರು ಚೆಲ್ಲಿದ ಒಲೆಯಲ್ಲಿ ಉಳಿದಿದ್ದ ಬೆಂಕಿಗೆ ಹಿಡಿದು ಕಾಯಿಸಿದ. ತಮಟೆಯ ಅಂಚು ಕರಕಲಾಯಿತು. ರಂಗಕ್ಕ ಕಾಲು ಹಿಡಿದಳು. ಬಿಡಿಸಿಕೊಂಡು ಹೊರಟ.

ಬೇವಿನ ಮರದ ಕೆಳಗೆ ನಿಂತು ಹೊಡೆದ. ಜನ ಬಗ್ಗಿ ನೋಡಿದರು. ಮತ್ತೇನು ಬಿಟ್ಟಿದಾರಪ್ಪ ಗೌಡರು, ಕುರಿಯೇನು ಅಂತ ಯಾರೋ ನಕ್ಕರು. ಕರಿಯಣ್ಣ ಬಾಯಿ ತೆರೆದ. ಕಣ್ಣು ಮುಚ್ಚಿಕೊಂಡು ಕೂಗಿದ.

‘ಮೀನು ತಿನ್ನಬ್ಯಾಡ್ರಿ. ಚೆಲ್ರಿ. ಕೆರೆಗೆ ಹತ್ತಿ ಎಣ್ಣೆ ಬಿದ್ದೈತೆ. ಹುಯ್ದೋನು ನಾನು, ನೀರುಗಂಟಿ ಕರಿಯಣ್ಣ. ಜಂಪಣ್ಣಗೌಡರ ಅಪ್ಪಣೆ ಆಗೈತೆ, ಕೇಳ್ರಪ್ಪೋ.’

ಕೊನೆಯ ಮಾತು ಅವನು ಬೇಕೆಂದು ಹೇಳಿದ್ದಲ್ಲ. ಡಂಗುರ ಅಂದಮೇಲೆ ನಾಲಿಗೆ ತಾನೇ ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಹೇಳಿದ ಮೇಲೆ ಅವನೇ ಬೆಚ್ಚಿಬಿದ್ದ. ಯಾವ ಹೆಸರು ಹೇಳಿದರೆ ಜೀವ ಹೋಗುತ್ತದೆ ಅಂತ ಬೆಳಗಿನಿಂದ ನುಂಗಿಕೊಂಡಿದ್ದನೋ ಅದೇ ಹೆಸರು ತಮಟೆಯ ಜೊತೆ ಆಚೆ ಬಂದಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪಣೆ ಆಗಿರುವುದು ಯಾವುದಕ್ಕೆ ಅಂತ ನಿಧಾನಕ್ಕೆ ಎಲ್ಲರಿಗೂ ತಿಳಿಯಿತು.

ಈರಕ್ಕ ಬಂದು ಅವನ ಕೆನ್ನೆಗೆ ಹೊಡೆದಳು. ಮೊದಲು ಕರೆದವನೂ ನೀನೇ ಅಲ್ಲವೇನೋ ಅಂದಳು. ಹೌದು ಅಂದ. ಅವಳು ಓಡಿ ಹೋಗಿ ಗಡಿಗೆ ತಂದು ಬೀದಿಗೆ ಸುರಿದಳು. ಎಲ್ಲ ಮನೆಯವರೂ ಸುರಿದರು. ಹಸಿದ ನಾಯಿಗಳನ್ನು ಕಲ್ಲು ಹೊಡೆದು ಓಡಿಸಿ, ಮೇಲೆ ಬೂದಿ ಎಳೆದರು. ಅಷ್ಟು ಹೊತ್ತಿಗೆ ಕೆರೆಯ ಕಡೆಯಿಂದ ಕೂಗು ಬಂತು. ಚಿಕ್ಕತಿಮ್ಮಪ್ಪ ಮೂರು ಕಲ್ಲಿನ ಪಕ್ಕದಲ್ಲಿ ಬಿದ್ದಿದ್ದ. ಬಾಯಲ್ಲಿ ನೊರೆ. ಮೈ ಸೆಟೆದು ಸೆಟೆದು ನಡುಗುತ್ತಿತ್ತು. ಬೆಳಿಗ್ಗೆ ತೂಬಿನ ಬಾಯಲ್ಲಿ ಕೊರವ ನಡುಗಿದ್ದು ಹೀಗೆಯೇ. ಬಂಡಿ ಕಟ್ಟಿ ಶ್ರೀರಾಂಪುರಕ್ಕೆ ಹೊರಡಿಸಿದರು. ಎತ್ತುಗಳನ್ನು ಓಡಿಸಿದರು, ಆದರೆ ಮುದುಕ ಉಳಿಯುವ ಭರವಸೆ ಯಾರಿಗೂ ಇರಲಿಲ್ಲ. ಲಾರಿ ಅದೇ ದಾರಿಯಲ್ಲಿ ಆಗಲೇ ಹೋಗಿಬಿಟ್ಟಿತ್ತು. ಅದರೊಳಗಿನ ಮೀನು ಯಾವ ಸಂತೆಗೆ ಹೋಗುತ್ತದೆ, ಯಾರ ಬಾಣಂತಿಯ ಬಟ್ಟಲಿಗೆ ಬೀಳುತ್ತದೆ ಅಂತ ಹೇಳುವವರಿರಲಿಲ್ಲ.

ಕುರುಬರ ಬೀರಪ್ಪ ಕುರಿಮಂದೆ ಹೊಡೆದುಕೊಂಡು ಕೆರೆಗೆ ಇಳಿಯುತ್ತಿದ್ದ. ಡಂಗುರ ಕೇಳಿ ನಿಂತ. ಮಂದೆಯನ್ನು ತಿರುಗಿಸಿದ. ಅದನ್ನು ಕಂಡು ಕರಿಯಣ್ಣನಿಗೆ ಮೇಲಿನ ಕೇರಿಯ ನೆನಪಾಯಿತು. ಅವರ ಸೇದುಬಾವಿಗೆ ಒಸರುವುದೂ ಇದೇ ಕೆರೆಯ ನೀರು. ಯಾವ ಬಾವಿಯ ಹಗ್ಗ ಮುಟ್ಟಿದ್ದಕ್ಕೆ ಅವನ ಅಪ್ಪ ಏಟು ತಿಂದಿದ್ದನೋ ಅದೇ ಬಾವಿ.

ಮೇಲಿನ ಕೇರಿಗೆ ಡಂಗುರ ಹೊಡೆಯುವುದಾದರೆ ಊರಬಾಗಿಲ ಕಲ್ಲಿನ ಹತ್ತಿರ ನಿಂತು ಹೊಡೆಯಬೇಕು, ಒಳಗೆ ಕಾಲಿಡುವ ಹಾಗಿಲ್ಲ. ಕರಿಯಣ್ಣ ಕಲ್ಲು ದಾಟಿದ. ಹಿಂದೆ ಯಾರಾದರೂ ಬರುತ್ತಿದ್ದಾರಾ ಅಂತ ತಿರುಗಿ ನೋಡಲೂ ಅವನಿಗೆ ಹೆದರಿಕೆ. ಯಾರೂ ಇಲ್ಲದಿದ್ದರೆ ಕಾಲು ಹಿಂದಕ್ಕೆ ಬಂದಾವು ಅಂತ ನೋಡಲಿಲ್ಲ. ಗೌಡರ ಮನೆಯ ಮುಂದೆ ನಿಂತು ತಮಟೆ ಎತ್ತಿದ. ಬಾಗಿಲುಗಳು ತೆರೆದವು. ಹೆಂಗಸರು ಬಂದರು, ಬಿಂದಿಗೆ ಹಿಡಿದವರೂ ಬಂದರು.

ಜಂಪಣ್ಣಗೌಡರು ಜಗಲಿಗೆ ಬಂದರು. ಆಳೊಬ್ಬ ಬಾರುಕೋಲು ಹಿಡಿದು ಪಕ್ಕದಲ್ಲಿ ನಿಂತ.

‘ಒಳಗೆ ಬಂದಿದೀಯಾ?’ ಅಂದರು ಗೌಡರು. ‘ಯಾರ ಅಪ್ಪಣೆ ಮೇಲೆ ಹೊಡೀತಿದೀಯಲೇ ಕರಿಯ?’

ಕರಿಯಣ್ಣನ ಪಂಚೆ ಒದ್ದೆಯಾಗಿತ್ತು. ಅದು ಎಲ್ಲರಿಗೂ ಕಾಣುತ್ತಿದೆ ಅಂತಲೂ ಅವನಿಗೆ ಗೊತ್ತಿತ್ತು. ಹೂಂ ಬುದ್ಧಿ ಅನ್ನಲು ಬಾಯಿ ತಾನಾಗಿ ತೆರೆಯಿತು. ಅವನು ಹಲ್ಲು ಕಚ್ಚಿಕೊಂಡ.

‘ಅದನ್ನ ಹೇಳಾಕೇ ಬಂದೀನಿ’ ಅಂದ.

ಬೀದಿಯ ಕಡೆ ತಿರುಗಿದ. ಬಾರುಕೋಲಿನ ಮೊದಲ ಏಟು ಬೆನ್ನಿಗೆ ಬಿದ್ದಾಗ ತಮಟೆಯ ಮೇಲೆ ಅವನ ಮೂರನೇ ಪೆಟ್ಟು ಬಿದ್ದಿತ್ತು. ಸಾರುವ ಮೊದಲು ಮೂರು ಪೆಟ್ಟು, ಅದು ಪದ್ಧತಿ.

‘ಕೆರೆಗೆ ವಿಷ ಬಿದ್ದೈತೆ. ಮೀನು ತಿನ್ನಬ್ಯಾಡ್ರಿ, ನೀರು ಸೇದಬ್ಯಾಡ್ರಿ. ಹುಯ್ದೋನು ನೀರುಗಂಟಿ ಕರಿಯಣ್ಣ. ಜಂಪಣ್ಣಗೌಡರ ಅಪ್ಪಣೆ ಆಗೈತೆ, ಕೇಳ್ರಪ್ಪೋ.’